ಹುಮನಾಬಾದಿನ ಸ್ಥಳೀಯ ಪ್ರತಿನಿಧಿ

“ಕೀಲಿ ತಂದೀರೇನ್ರಿ?”

ಹುಮನಾಬಾದಿಗೆ ಬಂದಿಳಿದ ದಿನ ಬಾಡಿಗೆ ಮನೆಯ ಒಡತಿ ಕಾಶಮ್ಮನವರು ಕೇಳಿದ ಮೊದಲ ಪ್ರಶ್ನೆ ಇದು. ನಾನು ಸೂಟ್‌ಕೇಸಿನ ಪುಟ್ಟ ಕೀಲಿಯನ್ನು ತೆಗೆದು ತೋರಿಸಿದೆ. ಅವರು ಬಾಯಿಗೆ ಸೆರಗು ಹಿಡಿದು ನಕ್ಕರು. ಮಂಡ್ಯದಲ್ಲಿ ನಾವು ಬೀಗ ಅನ್ನುವುದಕ್ಕೆ ಇಲ್ಲಿ ಕೀಲಿ ಅನ್ನುತ್ತಾರೆ. ಬಾಡಿಗೆಗೆ ಬರುವವರು ಬೀಗವನ್ನು ತಾವೇ ತರಬೇಕಂತೆ. ರಾಜ್ಯದ ಗಡಿ ದಾಟದೆ, ನನ್ನದೇ ಭಾಷೆಯ ಊರಿಗೆ ಬಂದಿದ್ದರೂ ಮೊದಲ ಮಾತೇ ತಿಳಿಯಲಿಲ್ಲ. ಇನ್ನೂ ನಾಚಿಕೆಯ ವಿಷಯವೆಂದರೆ ನಾನು ಬಂದದ್ದೂ ಒಂದು ಬಗೆಯ ಬೀಗ ಮಾರಲಿಕ್ಕೇ.

ಆಗಿನ್ನೂ ಹೊಸ ಶತಮಾನಕ್ಕೆ ಒಂದೆರಡು ವರ್ಷ ತುಂಬಿತ್ತಷ್ಟೆ. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳಿಗೆಲ್ಲ ಕಂಪ್ಯೂಟರ್ ಬಂದಿತ್ತು, ಅದರ ಹಿಂದೆಯೇ ವೈರಸ್ಸೂ ಬಂದಿತ್ತು. ವೈರಸ್ ತಡೆಯುವ ತಂತ್ರಾಂಶ ಮಾರುವ ನಮ್ಮ ಕಂಪನಿ ಬೆಂಗಳೂರಿನಲ್ಲಿ ಸಂದರ್ಶನ ಮಾಡಿ, “ಉತ್ತರ ಕರ್ನಾಟಕಕ್ಕೆ ಹೋಗುತ್ತೀರಾ?” ಎಂದು ಕೇಳಿತು. ನಾನು ಹುಬ್ಬಳ್ಳಿ ಅಂದುಕೊಂಡು ಹೂಂ ಅಂದೆ. ಹುಬ್ಬಳ್ಳಿಯಿಂದ ಹುಮನಾಬಾದ್ ಎಷ್ಟು ದೂರ ಎಂದು ಬಸ್ಸಿನಲ್ಲಿ ಕೂತ ಮೇಲೆ ತಿಳಿಯಿತು.

ಮಂಡ್ಯದಲ್ಲಿ ಮನೆಯ ಹಿಂದೆಯೇ ನಾಲೆ. ಇಲ್ಲಿ ನೀರು ಯಾವ ದಿನ ಬರುತ್ತದೆ ಎನ್ನುವುದನ್ನು ಬೀದಿಯ ಹೆಂಗಸರು ಹಬ್ಬದ ದಿನದಂತೆ ನೆನಪಿಟ್ಟುಕೊಳ್ಳುತ್ತಿದ್ದರು. ಅಲ್ಲಿ ಕಬ್ಬಿನ ಗಾಡಿಗಳು, ಇಲ್ಲಿ ಹೆದ್ದಾರಿಯ ಲಾರಿಗಳು. ಗಾಳಿ ತಿರುಗಿದ ದಿನ ಕಾರ್ಖಾನೆಯ ಘಾಟು ಒಣಹಾಕಿದ ಬಟ್ಟೆಗೂ ಹತ್ತುತ್ತಿತ್ತು. ಒಮ್ಮೆ ಕಾಶಮ್ಮನವರು ಹುಗ್ಗಿ ಮಾಡಿದ್ದೇನೆಂದು ಕರೆದರು. ಮೆಣಸು, ಹೆಸರುಬೇಳೆ ಹಾಕಿದ ನಮ್ಮ ಕಡೆಯ ಹುಗ್ಗಿಯೆಂದು ಆಸೆಯಿಂದ ಹೋದರೆ, ಬೆಲ್ಲದಲ್ಲಿ ಬೆಂದ ಗೋಧಿ! “ಜರಾ ತುಪ್ಪ ಹಾಕ್ಕೊಂಡು ಉಣ್ರಿ” ಎಂದರು. ಎರಡು ಸಲ ಹಾಕಿಸಿಕೊಂಡೆ ಎನ್ನುವುದನ್ನು ಅಮ್ಮನಿಗೆ ಹೇಳಲಿಲ್ಲ.

ನನ್ನ ನಿಜವಾದ ಗೋಳು ಗೌತಮ. ಹುಮನಾಬಾದಿನ ಪಕ್ಕದ ಹುಡಗಿ ಎಂಬ ಊರಿನಲ್ಲಿ ಹುಟ್ಟಿ ಬೆಳೆದವರು. ಬಸವಕಲ್ಯಾಣದಲ್ಲಿ ಒಂದು ಕೋಣೆಯ ಆಫೀಸು ಇಟ್ಟುಕೊಂಡು ನಮ್ಮ ಎದುರಾಳಿ ಕಂಪನಿಯ ಮಾಲು ಮಾರುತ್ತಿದ್ದರು. ನಾನು ಯಾವ ಕಾರ್ಖಾನೆಗೆ ಹೋದರೂ ಗೇಟಿನಲ್ಲಿ ಅವರ ಕೆಂಪು ಮೋಟಾರ್‌ಸೈಕಲ್ಲು ಆಗಲೇ ನಿಂತಿರುತ್ತಿತ್ತು. ಊರಿನಲ್ಲೇ ದೊಡ್ಡದಾದ ಔಷಧ ಕಾರ್ಖಾನೆಗಾಗಿ ನಾವಿಬ್ಬರೂ ಎರಡು ವರ್ಷ ಕಿತ್ತಾಡಿದೆವು. ಅವರ ತಂತ್ರಾಂಶ ಹಾಕಿದರೆ ಕಂಪ್ಯೂಟರ್ ಎತ್ತಿನಗಾಡಿಯಾಗುತ್ತದೆ ಎಂದು ನಾನು. ನಮ್ಮದು ವೈರಸ್ಸನ್ನು ಕೈಮುಗಿದು ಒಳಗೆ ಕರೆಯುತ್ತದೆ ಎಂದು ಅವರು. ಅಲ್ಲಿನ ಆಫೀಸ್ ಮ್ಯಾನೇಜರ್ ವೀರಶೆಟ್ಟಿಯವರು ಇಬ್ಬರಿಗೂ ಚಹಾ ಕುಡಿಸಿ, ಕೊನೆಗೆ ನನ್ನದನ್ನು ತೆಗೆದುಕೊಂಡರು. ಆ ದಿನ ಬೀದಿಗೆಲ್ಲ ಪೇಡೆ ಹಂಚಿದೆ.

ಒಂಬತ್ತು ತಿಂಗಳೂ ಆಗಿರಲಿಲ್ಲ, ಮುಖ್ಯ ಕಚೇರಿಯಿಂದ ಪತ್ರ ಬಂತು. ಗೌತಮರ ಕಂಪನಿ ನಮ್ಮ ಕಂಪನಿಯನ್ನು ಕೊಂಡುಕೊಂಡಿತ್ತು. “ನಾವೀಗ ಒಂದೇ ಕುಟುಂಬ” ಎಂದು ಬರೆದಿದ್ದರು. ಕುಟುಂಬದ ಮೊದಲ ಆಜ್ಞೆ: ಹಳೆಯ ತಂತ್ರಾಂಶವನ್ನು ತೆಗೆದುಹಾಕಿ, ಅವರದನ್ನು ಹಾಕಿರಿ.

ವೀರಶೆಟ್ಟಿಯವರ ಮುಂದೆ ಕೂತು ಅದನ್ನು ಹೇಳಬೇಕಾದವಳು ನಾನು.

“ಹ್ಯಾಂಗ್ರಿ ಮೇಡಂ ಇದು? ಅವರ ಮಾಲು ಖರಾಬ್ ಅದ ಅಂತ ನೀವೇ ಎರಡು ವರ್ಷ ನನ್ನ ತಲಿ ತಿಂದ್ರಿ. ಈಗ ಅದನ್ನೇ ಹಾಕ್ಕೋರಿ ಅನ್ನಾಕತ್ತೀರಿ!”

“ಸಾರ್, ಈಗ ಅದು ನಮ್ಮದೇ.”

“ನಿಮ್ಮದಾದ ಮ್ಯಾಲ ಚಲೋ ಆಯ್ತೇನ್ರಿ?”

ನಾನು ಮುಖ್ಯ ಕಚೇರಿಯ ಪತ್ರವನ್ನು ಅವರ ಮುಂದೆ ಸರಿಸಿದೆ.

ಆಜ್ಞೆಯಂತೆ ಸೋಮವಾರ ಎಲ್ಲ ಕಂಪ್ಯೂಟರುಗಳಿಂದ ಹಳೆಯದನ್ನು ತೆಗೆದೆ. ಹೊಸದಕ್ಕೆ ಬೇಕಾದ ಲೈಸೆನ್ಸ್ ಸಂಖ್ಯೆ ಅಂದೇ ಬರಬೇಕಿತ್ತು, ಬರಲಿಲ್ಲ. ಬುಧವಾರ ಬೆಳಿಗ್ಗೆ ವೈರಸ್ ನುಗ್ಗಿತು. ಒಂದರಿಂದ ಇನ್ನೊಂದಕ್ಕೆ ಹರಡಿ, ಮಾಲು ರವಾನೆಯ ಕಾಗದ ಮುದ್ರಿಸುವ ಕಂಪ್ಯೂಟರೂ ನಿಂತಿತು. ಔಷಧ ತುಂಬಿದ ಲಾರಿಗಳು ಗೇಟಿನೊಳಗೆ ಸಾಲಾಗಿ ನಿಂತವು. ಹಳೆಯ ಸಹಾಯವಾಣಿಗೆ ಫೋನ್ ಮಾಡಿದರೆ ಹೊಸದಕ್ಕೆ ಮಾಡಿ ಎಂದರು. ಹೊಸದಕ್ಕೆ ಮಾಡಿದರೆ, “ಹುಮನಾಬಾದ್ ಎಂಬ ಗ್ರಾಹಕರು ನಮ್ಮ ಪಟ್ಟಿಯಲ್ಲಿಲ್ಲ” ಎಂದರು. ಅದು ಗ್ರಾಹಕನಲ್ಲ, ಊರು ಎಂದೆ. ಊರಿನ ಹೆಸರೂ ಪಟ್ಟಿಯಲ್ಲಿಲ್ಲ ಎಂದರು. ನಡುನಡುವೆ ಸಂಗೀತ ಬೇರೆ.

ಅಳು ಬರುವ ಹಾಗಾಗಿತ್ತು. ಇಷ್ಟು ದೂರದ ಊರಿನಲ್ಲಿ ನನ್ನವರು ಎನ್ನುವವರು ಯಾರಿದ್ದಾರೆಂದು ನೆನೆಯುತ್ತ ಕೊನೆಗೆ ಗೌತಮರಿಗೆ ಫೋನ್ ಮಾಡಿದೆ. ಅವರು ಆಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ.

“ಎಲ್ಲಾ ವೈರ್ ಬಿಚ್ಚಿಡ್ರಿ, ಒಂದಕ್ಕೊಂದು ಹತ್ತಬಾರದು. ನಾ ಬರಾಕತ್ತೇನಿ” ಎಂದಷ್ಟೇ ಹೇಳಿದರು.

ಬಸವಕಲ್ಯಾಣದಿಂದ ಧೂಳು ಮೆತ್ತಿಕೊಂಡು ಬಂದವರ ಚೀಲದಲ್ಲಿ ಸಿ.ಡಿ.ಗಳಿದ್ದವು. ಲೈಸೆನ್ಸ್ ಇಲ್ಲದೆಯೂ ಒಂದು ತಿಂಗಳು ನಡೆಯುವ ಪರೀಕ್ಷಾ ಪ್ರತಿ. ಒಂದೊಂದು ಕಂಪ್ಯೂಟರನ್ನೂ ಬೇರೆಬೇರೆಯಾಗಿ ತೊಳೆದೆವು. ಮಧ್ಯಾಹ್ನ ಅವರ ಡಬ್ಬಿಯ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿಯನ್ನು ಇಬ್ಬರೂ ಹಂಚಿಕೊಂಡು ಉಂಡೆವು. ಸಂಜೆ ಐದಕ್ಕೆ ಮೊದಲ ಕಾಗದ ಮುದ್ರಣವಾಗಿ ಹೊರಬಂತು, ಲಾರಿಗಳು ಹೊರಟವು.

“ನೀವ್ ಇಬ್ರೂ ಮೊದಲೇ ಒಂದಾಗಿದ್ರ ನನಗ ಎರಡು ವರ್ಷದ ಚಹಾ ಉಳೀತಿತ್ತು” ಎಂದರು ವೀರಶೆಟ್ಟಿ.

ಇಷ್ಟಾದ ಮೇಲೆ ಕಂಪನಿ ತನ್ನ ಕೊನೆಯ ಆಟ ಆಡಿತು. ಇಡೀ ಜಿಲ್ಲೆಗೆ ಇನ್ನು ಒಬ್ಬರೇ ಪ್ರತಿನಿಧಿ. ನನಗೆ ಮೈಸೂರಿಗೆ ವರ್ಗ ಸಿಗಬಹುದೆಂದು ಒಳಗೊಳಗೇ ಹಿಗ್ಗಿದ್ದೆ. ಪಟ್ಟಿ ಬಂತು. ನನ್ನ ವಿಳಾಸ ಹುಮನಾಬಾದ್ ಎಂದಿದ್ದರಿಂದ ನಾನು “ಸ್ಥಳೀಯ ಪ್ರತಿನಿಧಿ”. ಗೌತಮರನ್ನು ಅವರ ಕಂಪನಿ ಮೊದಲಿನಿಂದಲೂ ಹೈದರಾಬಾದ್ ಶಾಖೆಯ ಲೆಕ್ಕದಲ್ಲಿ ಬರೆದುಕೊಂಡಿದ್ದರಿಂದ ಅವರು ಹೊರಗಿನವರು. ಅವರಿಗೆ ಮೈಸೂರು! ಈ ಭಾಗದ ಗ್ರಾಹಕರಿಗೆ ಇಲ್ಲಿನ ಭಾಷೆ ಬಲ್ಲವರೇ ಬೇಕೆಂದು ಕಾರಣವನ್ನೂ ಕೊಟ್ಟಿದ್ದರು. ಅದಲುಬದಲು ಮಾಡಿ ಎಂದು ಇಬ್ಬರೂ ಸಹಿ ಹಾಕಿ ಬರೆದೆವು. ಪಟ್ಟಿ ಅಂತಿಮ ಎಂಬ ಒಂದೇ ಸಾಲಿನ ಉತ್ತರ ಬಂತು.

“ಹುಡಗಿಯವ ಹೊರಗಿನಾಂವ, ಮಂಡ್ಯದಾಕಿ ಇಲ್ಲಿಯಾಕಿ. ಈ ಮಂದಿ ವೈರಸ್ ಹಿಡೀತಾರೇನ್ರಿ?” ಎಂದರು ಗೌತಮ. ನಗಲು ಹೋದವರಿಗೆ ನಗೆ ಬರಲಿಲ್ಲ. ಹೆಂಡತಿ, ಮಗಳನ್ನು ಕರೆದುಕೊಂಡು ಹೊರಟರು. ನಾನು ಅಮ್ಮನ ಫೋನ್ ನಂಬರ್ ಬರೆದುಕೊಟ್ಟೆ.

ಅವರು ಒಂದು ಭಾನುವಾರ ಮಂಡ್ಯಕ್ಕೆ ಹೋಗಿ ನಮ್ಮ ಮನೆಯಲ್ಲಿ ಊಟ ಮಾಡಿದರಂತೆ. “ಮುದ್ದೆ ಅಗೀಬ್ಯಾಡಿ ಅಂತ ಎಷ್ಟು ಹೇಳಿದ್ರೂ ಅಗೀತಾರೆ ಕಣೆ, ಪಾಪ, ಒಳ್ಳೆ ಮನುಷ್ಯ” ಎಂದಳು ಅಮ್ಮ. ನಮ್ಮ ಮನೆಯ ಜಗಲಿಯಲ್ಲಿ ನಾನು ಕೂರಬೇಕಾದ ಜಾಗದಲ್ಲಿ ಅವರು ಕೂತಿದ್ದಾರೆಂದು ಹೊಟ್ಟೆ ಉರಿಯಿತು. ಇತ್ತ ಹುಡಗಿಗೆ ಹೋದರೆ ಅವರ ಅಣ್ಣನ ಮನೆಯವರು ನನ್ನನ್ನು ಕೂರಿಸಿ ಹೊಸ ತೊಗರಿಬೇಳೆ ಕಟ್ಟಿಕೊಡುತ್ತಿದ್ದರು. ಅವರಿಗೂ ಹೀಗೆಯೇ ಅನ್ನಿಸುತ್ತಿತ್ತೋ ಏನೋ.

ಎರಡು ವರ್ಷದ ಮೇಲೆ ಈ ಕೂಡಿದ ಕಂಪನಿಯನ್ನು ಮೂರನೆಯದೊಂದು ನುಂಗಿತು. ಹೊಸ ಹೆಸರು, ಹೊಸ ಸಹಾಯವಾಣಿ, ಮತ್ತದೇ ಸಂಗೀತ. ವೀರಶೆಟ್ಟಿಯವರು ಪತ್ರ ಓದದೆಯೇ ಡ್ರಾಯರಿಗೆ ಹಾಕಿದರು. ಆದರೆ ಈ ಹೊಸಬರು ಪರಸ್ಪರ ಒಪ್ಪಿಗೆಯ ವರ್ಗಾವಣೆಗೆ ಅವಕಾಶ ಕೊಟ್ಟರು. ಅರ್ಜಿಯಲ್ಲಿ ಇಬ್ಬರ ಸಹಿ ಇದ್ದರೆ ಸಾಕು. ನನ್ನ ಸಹಿ ಹಾಕಿ ಮೈಸೂರಿಗೆ ಕಳಿಸಿ, ವಾರ ಕಾದು, ಫೋನ್ ಮಾಡಿದೆ.

“ಮಗಳ ಸಾಲಿ ಈಗಷ್ಟೇ ಶುರು ಆಗ್ಯಾದ್ರಿ” ಎಂದು ಗೌತಮ ತಡವರಿಸಿದರು. “ಇಲ್ಲಿ ನಾಕು ಮಂದಿ ಗುರ್ತಾಗ್ಯಾರ. ಮುಂದಿನ ವರ್ಷ ನೋಡೋಣೇನ್ರಿ? ನಿಮಗ ತ್ರಾಸ್ ಆಗ್ತದಂದ್ರ ಇವತ್ತೇ ಸಹಿ ಮಾಡ್ತೀನಿ.”

ನನಗೆ ರೇಗಿತು. ಊರಿಗೆ ಹೋಗುವ ಮಾತನ್ನು ದಿನಕ್ಕೆ ಹತ್ತು ಸಲ ಆಡಿದವಳು ನಾನು. ಹೂಂ, ಇವತ್ತೇ ಹಾಕಿ ಎನ್ನಬೇಕಿತ್ತು.

“ಇರ್ಲಿ ಬಿಡ್ರಿ, ಮುಂದಿನ ವರ್ಷ ನೋಡೋಣ” ಎಂದು ಫೋನಿಟ್ಟೆ. ಎದೆ ಹಗುರಾಗಿತ್ತು. ಹಾಗೆ ಹಗುರಾದದ್ದಕ್ಕೇ ಮತ್ತಷ್ಟು ಸಿಟ್ಟು ಬಂತು. ಅಮ್ಮನಿಗೆ ಫೋನ್ ಮಾಡಿ, ಕಂಪನಿಯವರು ಬಿಡುತ್ತಿಲ್ಲ ಎಂದು ಸುಳ್ಳು ಹೇಳಿದೆ.