ದೊಡ್ಡತ್ತೆಯ ಮಾತ್ರೆ ಡಬ್ಬಿ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ದೊಡ್ಡತ್ತೆಯ ದೇವರಮನೆ. ಅಲ್ಲಿ ದೀಪದ ಕಂಬಕ್ಕೆ ಒತ್ತಿಕೊಂಡು ಒಂದು ಸ್ಟೀಲ್ ಡಬ್ಬಿ ಇರುತ್ತಿತ್ತು. ಹೊಸಬರು ಕಲ್ಲುಸಕ್ಕರೆಯಿರಬೇಕೆಂದು ಕೈ ಚಾಚುತ್ತಿದ್ದರು. ಮುಚ್ಚಳ ತೆಗೆದರೆ ಬರೀ ಮಾತ್ರೆ. ಯಾರಿಗೋ ಜ್ವರ ಬಂದಾಗ ಉಳಿದದ್ದು, ಯಾರೋ ಹಲ್ಲು ಕೀಳಿಸಿಕೊಂಡಾಗ ಮಿಕ್ಕಿದ್ದು. ಎಲ್ಲದರ ಮೇಲೂ ಒಂದಿಷ್ಟು ಕುಂಕುಮ.

ಅವರು ನಮ್ಮತ್ತೆಯ ಅಕ್ಕ. ಔಷಧಿಯೆಂದರೆ ಧನ್ವಂತರಿಯ ಪ್ರಸಾದ, ಬಿಸಾಡಬಾರದು ಎನ್ನುವುದು ಅವರ ನೇಮ. ನಾನು ಆಲ್ಕೊಳದ ನಮ್ಮ ಮನೆಯಿಂದ ಹೋದಾಗ ತಲೆನೋವು ಅಂದರೆ ಸಾಕು, ಡಬ್ಬಿ ಹೊರಗೆ ಬರುತ್ತಿತ್ತು. ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು, ಅವರು ಅತ್ತ ತಿರುಗಿದೊಡನೆ ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದೆ. ಡೇಟ್ ಮುಗಿದಿರಬಹುದೆಂದು ಒಮ್ಮೆ ಅಂದದ್ದಕ್ಕೆ, "ದೇವ್ರ ಮುಂದೆ ಇಟ್ಟಿದ್ದಕ್ಕೆ ಎಂಥ ಡೇಟು ಮಾರಾಯ್ತಿ? ನಂಗೂ ಡೇಟು ಮುಗ್ದು ಎಷ್ಟೋ ವರ್ಷ ಆಯ್ತು. ನಿಂಗೆ ದೋಸೆ ಹುಯ್ದು ಹಾಕ್ತಿಲ್ವಾ?" ಎಂದಿದ್ದರು.

ಒಂದು ಶುಕ್ರವಾರ ನಾನು ಅಲ್ಲಿದ್ದಾಗಲೇ ದೊಡ್ಡಮಾವನಿಗೆ ಎದೆ ಹಿಡಿದುಕೊಂಡಿತು. ಅಂಥ ಹೊತ್ತಿಗೆಂದು ನಾಲಿಗೆಯಡಿ ಇಟ್ಟುಕೊಳ್ಳುವ ಮಾತ್ರೆಯನ್ನು ಡಾಕ್ಟರು ಬರೆದುಕೊಟ್ಟಿದ್ದರು. ಅದೂ ಆ ಡಬ್ಬಿಯೊಳಗೇ ಸೇರಿತ್ತು. ದೊಡ್ಡತ್ತೆ ತಂದು ಇಟ್ಟರು, ನೋವು ಜಗ್ಗಲಿಲ್ಲ. ಇನ್ನೊಂದಕ್ಕೆ ಡಬ್ಬಿ ತಡಕುತ್ತಿದ್ದ ಅವರನ್ನು ಎಬ್ಬಿಸಿ, ಪಕ್ಕದ ಮನೆ ಸೆಲ್ವಿಯ ಗಂಡನನ್ನು ಕೂಗಿದೆ. ದೇವರ ದಯೆ, ಅವನ ಆಟೋ ಬಾಗಿಲಲ್ಲೇ ನಿಂತಿತ್ತು.

ಮಾವ ಉಳಿದರು. ಅವಧಿ ಮುಗಿದ ಮಾತ್ರೆಗಳೆಲ್ಲ ವಿಷವಾಗುವುದಿಲ್ಲ, ಆದರೆ ಬೇಕಾದ ಹೊತ್ತಿಗೆ ಕೈಕೊಡುತ್ತವೆ, ಅದರಲ್ಲೂ ಈ ಮಾತ್ರೆ ದೀಪದ ಬಿಸಿಗೆ ಶಕ್ತಿ ಕಳೆದುಕೊಂಡಿರಬೇಕು ಎಂದು ಡಾಕ್ಟರು ಗದರಿದರು. ದೊಡ್ಡತ್ತೆ ತಲೆಯಾಡಿಸಿದರು. ಮಾವ ಮನೆಗೆ ಬಂದ ಮೇಲೂ ಡಬ್ಬಿ ಮಾತ್ರ ಇದ್ದಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಅವರು ದೇವರ ಮೇಲಿನ ಬಾಡಿದ ಹೂ ತೆಗೆಯುತ್ತಿದ್ದಾಗ ಮೆಲ್ಲಗೆ ಕೇಳಿದೆ: "ನಿನ್ನೆ ಏರಿಸಿದ ಹೂವನ್ನೇ ನಿರ್ಮಾಲ್ಯ ಅಂತ ತೆಗೀತೀರಲ್ಲ ದೊಡ್ಡತ್ತೆ. ಮಾತ್ರೆ ಹೂವಿಗಿಂತ ಹೆಚ್ಚಾ?"

ಅವರು ಡಬ್ಬಿಯನ್ನು ಕೈಗೆತ್ತಿಕೊಂಡರು. "ಇದನ್ನ ಆ ಡಾಕ್ಟ್ರು ಹೇಳೋಕೇನಾಗಿತ್ತು?" ಅಂದರು.

ನಿರ್ಮಾಲ್ಯವೆಂದ ಮೇಲೆ ಹೊಳೆಗೇ ಬಿಡಬೇಕೆಂದು ಹಠ ಶುರುವಾಯಿತು. ಭದ್ರೆಯ ಮೀನುಗಳಿಗೆ ಬಿಪಿಯಿಲ್ಲ ಎಂದು ಮಾವ ಮಲಗಿದಲ್ಲಿಂದಲೇ ಕೂಗಿದರು. ಕೊನೆಗೆ ಆಸ್ಪತ್ರೆಯವರ ಕೈಗೇ ಒಪ್ಪಿಸಿ ಬಂದೆವು. ಅಲ್ಲಿಂದ ಮುಂದೆ ಶುಕ್ರವಾರ ಹೂ ತೆಗೆದ ಕೂಡಲೇ ಮಾವನ ಮಾತ್ರೆಯ ಡೇಟ್ ಓದುವುದು ಆ ಮನೆಯ ಪೂಜೆಗೆ ಸೇರಿಕೊಂಡಿತು.

ಕಡೆಯ ಸಲ ಹೋದಾಗ ಕುಂಕುಮ ಕೊಟ್ಟವರು ನನ್ನ ಬ್ಯಾಗನ್ನೂ ತೆರೆಸಿದರು. ಮೂಲೆಯಲ್ಲಿದ್ದ ತಲೆನೋವಿನ ಮಾತ್ರೆಯ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಹೋದ ತಿಂಗಳೇ ನಿರ್ಮಾಲ್ಯ ಆಗಿದೆ ಕಣೇ" ಎಂದು ಕಿತ್ತಿಟ್ಟುಕೊಂಡು, ಬದಲಿಗೆ ಎರಡು ಬಾಳೆಹಣ್ಣು ಹಾಕಿದರು.

ಈಗ ದೊಡ್ಡತ್ತೆ ಇಲ್ಲ. ಶುಕ್ರವಾರ ಬೆಳಿಗ್ಗೆ ಮಾವ ಫೋನ್ ಮಾಡಿ, ಭೂತಗನ್ನಡಿ ಹಿಡಿದು, ತಮ್ಮ ಮಾತ್ರೆಯ ತಿಂಗಳು ವರ್ಷ ಎಲ್ಲ ಗಟ್ಟಿಯಾಗಿ ಓದುತ್ತಾರೆ. ಇಲ್ಲಿ ನಾನು ಹೂ ತೆಗೆಯುತ್ತ ಕೇಳಿಸಿಕೊಳ್ಳುತ್ತೇನೆ. ಓದುವುದಕ್ಕೆ ಅವರಿದ್ದಾರಲ್ಲ, ಅಷ್ಟು ಸಾಕು.