ಎರಡು ಟ್ಯೂಬಿನಲ್ಲೂ ನನ್ನದೇ ಉಗುಳು

ಉಗುಳುವುದರಲ್ಲಿ ನಾನು ಶಿಡ್ಲಘಟ್ಟಕ್ಕೇ ಫಸ್ಟು. ಜಂಬ ಅಂದುಕೊಳ್ಳಬೇಡಿ, ಪುರಾವೆ ಇದೆ. ಕಳೆದ ವರ್ಷ ನಮ್ಮ ಬೀದಿಯ ಸಮುದಾಯ ಭವನದಲ್ಲಿ ಊರಿನ ಮುದುಕರೆಲ್ಲ ಒಂದು ಪ್ಲಾಸ್ಟಿಕ್ ಟ್ಯೂಬು ತುಂಬಿಸಲು ಒದ್ದಾಡುತ್ತಿದ್ದರು. ನಾನು ಎರಡು ತುಂಬಿಸಿ ಕೊಟ್ಟೆ.

ಎರಡನೆಯದು ಪಿಳ್ಳಪ್ಪನ ಹೆಸರಿನದು.

(ನನ್ನ ಹಾಸ್ಯ ಅಂಕಣ ಓದಿ ನಗಲೆಂದು ಈ ಪುಟ ತೆರೆದವರು ಇವತ್ತು ಪಕ್ಕದ ಪದಬಂಧಕ್ಕೆ ಹೋಗಬಹುದು. ನನಗೆ ಬೇಜಾರಿಲ್ಲ.)

ಪಿಳ್ಳಪ್ಪ ನನ್ನ ನಲವತ್ತು ವರ್ಷದ ಗೆಳೆಯ. ನಾನು ರೇಷ್ಮೆ ಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಕೂಗುತ್ತಿದ್ದೆ. ಅವನು ಗೂಡು ಕೊಂಡು ನೂಲು ತೆಗೆಯುವ ರೀಲರ್. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳದ ಸದ್ದು ಕೇಳಿಯೇ ಇದು ಎಂಥ ಮಾಲು ಎನ್ನುತ್ತಿದ್ದ. ಒಮ್ಮೆ ನಾನು ಒಂದು ಗೂಡನ್ನು ಬ್ಲೇಡಿನಲ್ಲಿ ಸೀಳಿ, ಹುಳ ತೆಗೆದು, ಒಣ ಕಡಲೆಕಾಳು ತುರುಕಿ ಅಂಟಿಸಿ ಅವನ ಕೈಗಿಟ್ಟೆ. ಅಲ್ಲಾಡಿಸಿದ. ಮುಖ ನೋಡಿದ.

"ಇದ್ರಲ್ಲಿರೋದು ಹುಳ ಅಲ್ಲ ಕಣೋ. ನಿನ್ನ ತಲೇಲಿ ಗಡಗಡ ಅನ್ನುತ್ತಲ್ಲ, ಅದು."

ಇಡೀ ಮಾರ್ಕೆಟ್ಟು ನಕ್ಕಿತು. ನನಗೆ ತಿರುಗೇಟು ಕೊಡುತ್ತಿದ್ದವನು ಅವನೊಬ್ಬನೇ.

ಸರಿ, ಟ್ಯೂಬಿಗೆ ಬರೋಣ. ಬೆಂಗಳೂರಿನಿಂದ ಡಾಕ್ಟರುಗಳ ಒಂದು ತಂಡ ಬಂದಿತ್ತು. ಉಗುಳು ಪರೀಕ್ಷೆ ಮಾಡಿ ಮರೆವಿನ ಕಾಯಿಲೆಯ ಸುಳಿವು ಸಿಗುತ್ತದೋ ನೋಡುವ ಅಧ್ಯಯನ. ನಾನು ತಂಡದ ಡಾಕ್ಟರಮ್ಮನನ್ನು ರೇಗಿಸಿದೆ. "ನೆನಪು ಇರೋದು ತಲೇಲಿ, ನೀವು ಬಾಯಲ್ಲಿ ಹುಡುಕ್ತಿದೀರಲ್ಲಮ್ಮ?"

ಆಕೆ ನಕ್ಕರು. "ಇದೊಂದ್ರಿಂದಲೇ ಏನೂ ಹೇಳಕ್ಕಾಗಲ್ಲ ತಾತ. ನಾವೂ ಇನ್ನೂ ಕಲೀತಾ ಇದೀವಿ. ಯಾರನ್ನ ಮುಂದಿನ ಪರೀಕ್ಷೆಗೆ ಕರೀಬೇಕು ಅನ್ನೋಕೆ ಒಂದು ದಾರಿ, ಅಷ್ಟೇ."

ರೇಷ್ಮೆ ಎಂದರೇನು? ಹುಳ ಬಾಯಿಂದ ಬಿಟ್ಟ ಜೊಲ್ಲು. ಅದನ್ನೇ ನಂಬಿ ಬದುಕಿದ ಊರು ನಮ್ಮದು. ಉಗುಳಿನಲ್ಲಿ ಗುಣ ತಿಳಿಯುತ್ತದೆ ಎಂದರೆ ನಾವು ನಗಬಾರದಿತ್ತು.

ಪಿಳ್ಳಪ್ಪನನ್ನು ಅಲ್ಲಿಗೆ ಕರೆತಂದವಳು ಅವನ ಹೆಂಡತಿ ಅಕ್ಕಯ್ಯಮ್ಮ. ಮಾರ್ಕೆಟ್ಟಿಗೆಂದು ಹೊರಟವನು ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತಿದ್ದನಂತೆ. ಅವಳಿಗೆ ಭಯ. ಅವನನ್ನು ನನ್ನ ಪಕ್ಕ ಕೂರಿಸಿ, "ಅಣ್ಣಯ್ಯ, ನೋಡ್ಕೊಳಿ, ಬಾಯಿಗೇನೂ ಹಾಕ್ಕೊಬಾರದಂತೆ" ಎಂದು ಹೇಳಿ ಹೆಂಗಸರ ಸಾಲಿಗೆ ಹೋದಳು.

ಒಂದು ಗಂಟೆ ಬಾಯಿ ಖಾಲಿ ಇರಬೇಕು. ಇದು ರೂಲು. ಹತ್ತು ನಿಮಿಷಕ್ಕೆ ಪಿಳ್ಳಪ್ಪ ಸಂಚಿ ಬಿಚ್ಚಿ ಎಲೆ ಅಡಿಕೆ ಹಾಕಿಕೊಂಡ. ಉಗುಳಿಸಿದೆ. ಬಾಯಿ ಮುಕ್ಕಳಿಸುವಂತೆ ಮಾಡಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಹಾಕಿಕೊಂಡ.

"ಲೇ, ಹಾಕ್ಕೊಬೇಡ ಅಂದಿದ್ರಲ್ಲೋ."

"ಯಾರಿಗೆ ಅಂದಿದ್ರು?"

ಮೂರನೇ ಸಲವೂ ಅದೇ. ಅದೇ ಪ್ರಶ್ನೆ, ಅದೇ ಮುಗ್ಧ ಮುಖ. ನಾನೇನು ಮಾಡಿದೆ? ಬಿದ್ದು ಬಿದ್ದು ನಕ್ಕೆ. ನನ್ನ ಮೇಲೇ ತರಲೆ ಮಾಡುತ್ತಿದ್ದಾನೆ, ಕಡಲೆಕಾಳಿನ ಸೇಡು ತೀರಿಸುತ್ತಿದ್ದಾನೆ ಎಂದುಕೊಂಡೆ. ಅಷ್ಟರಲ್ಲಿ ಅವನ ಹೆಸರು ಕರೆದರು. ಬಾಯಿ ತುಂಬ ಕೆಂಪು. ಅವನ ಟ್ಯೂಬು ಇಸಿದುಕೊಂಡು, ಕಂಬದ ಮರೆಗೆ ಹೋಗಿ, ನಾನೇ ತುಂಬಿಸಿ ತಂದೆ. ನಮ್ಮಂಥ ಬಾಯಿಬಡುಕರಿಗೆ ಜೊಲ್ಲಿಗೇನು ಬರ?

ವಾರಗಳ ಮೇಲೆ ಇಬ್ಬರಿಗೂ ಒಂದೇ ಥರದ ಕಾಗದ ಬಂತು. ಸದ್ಯಕ್ಕೆ ಮುಂದಿನ ಪರೀಕ್ಷೆ ಬೇಕಿಲ್ಲ. ಟೀ ಅಂಗಡಿಯಲ್ಲಿ ನನ್ನ ಬಾಯಿಗೆ ಬೀಗ ಇರಲಿಲ್ಲ. "ನನ್ನ ಉಗುಳು ಡಬಲ್ ಪಾಸ್" ಎಂದೆ. ಯಾರಿಗೂ ಅರ್ಥವಾಗಲಿಲ್ಲ. ಅದೂ ಒಂದು ಖುಷಿ.

ಆಮೇಲೆ ಅವನ ಮನೆ ಮುಂದೆ ಹಾದಾಗಲೆಲ್ಲ ಅಕ್ಕಯ್ಯಮ್ಮನ ಗಂಟಲು ಕೇಳಿಸುತ್ತಿತ್ತು. "ಉಗುಳಲ್ಲೇ ಏನೂ ಇಲ್ಲ ಅಂತ ಬರೆದು ಕಳಿಸವ್ರೆ. ಬೇಕು ಬೇಕಂತಲೇ ಮರೀತಾರೆ. ನಂಗೆ ಗೊತ್ತಾಗಲ್ವ ಈ ನಾಟಕ?" ಗಂಡ ಹೆಂಡಿರ ಜಗಳ, ನಮಗೇಕೆ ಎಂದು ಮುಂದೆ ಹೋಗುತ್ತಿದ್ದೆ.

ಒಂಬತ್ತು ತಿಂಗಳು ಹೀಗೇ ಹೋಯಿತು.

ಹೋದ ತಿಂಗಳು ನನಗೆ ಹಳೇ ತುರಿಕೆ ಎದ್ದಿತು. ಒಂದು ಗೂಡು ಸೀಳಿ, ಕಡಲೆಕಾಳು ತುರುಕಿ, ಜಗಲಿಯ ಮೇಲೆ ಕೂತಿದ್ದ ಪಿಳ್ಳಪ್ಪನ ಕೈಗಿಟ್ಟೆ. ಕಿವಿಯ ಹತ್ತಿರ ಹಿಡಿದ. ಅಲ್ಲಾಡಿಸಿದ. ಇನ್ನೊಮ್ಮೆ ಅಲ್ಲಾಡಿಸಿದ. ನಾನು ಬೈಗುಳಕ್ಕೆ ಕಾದೆ.

"ಒಳ್ಳೇ ಗೂಡು" ಎಂದ. ಎಂದವನು, ಸರಿಯಾಗಿ ಹೇಳಿದೆನಾ ಎನ್ನುವಂತೆ ನನ್ನ ಮುಖ ನೋಡಿದ.

ಸೀದಾ ಒಳಗೆ ಹೋಗಿ ಅಕ್ಕಯ್ಯಮ್ಮನಿಗೆ ಎಲ್ಲ ಹೇಳಿದೆ. ಎಲೆ ಅಡಿಕೆ, ಟ್ಯೂಬು, ಕಂಬದ ಮರೆ. ಕೈಯಲ್ಲಿದ್ದ ಸೊಪ್ಪು ಬಿಡಿಸುವುದನ್ನು ಅವಳು ನಿಲ್ಲಿಸಲಿಲ್ಲ. ಬಿಡಿಸುತ್ತಲೇ ಕೇಳಿದಳು.

"ಹಂಗಾದ್ರೆ ಅವ್ರು ನಾಟಕ ಆಡ್ತಿರಲಿಲ್ವ?"

"ಇಲ್ಲಮ್ಮ."

"ದಿನಾ ಬೈದೆ ಅಣ್ಣಯ್ಯ. ಒಂದು ದಿನ ಅನ್ನ ಹಾಕದೆ ಕೂರಿಸಿದ್ದೆ, ಬುದ್ಧಿ ಬರಲಿ ಅಂತ."

ಕಾಗದದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಡಾಕ್ಟರಮ್ಮ ರೇಗಲಿಲ್ಲ, ರೇಗಿದ್ದರೆ ಚೆನ್ನಾಗಿತ್ತು. "ಬೇರೆ ತಗೊಳ್ಳೋಣ ತಾತ. ಆದರೆ ಅವತ್ತಿನದು ಇನ್ನು ಸಿಗಲ್ಲ" ಎಂದರು. ಬೆಂಗಳೂರಿನ ಆಸ್ಪತ್ರೆಗೂ ಕರೆದುಕೊಂಡು ಹೋದೆವು. ಪ್ರಶ್ನೆ ಕೇಳಿದರು, ಸ್ಕ್ಯಾನ್ ಮಾಡಿದರು. ಕಾಯಿಲೆ ನಿಜ. ಮೊದಲೇ ಬಂದಿದ್ದರೆ ವಾಸಿಯಾಗುತ್ತಿತ್ತೇ ಎಂದು ಕೇಳಿದೆ. ಹಾಗೇನೂ ಇಲ್ಲವಂತೆ. ಆದರೆ ಮನೆಯವರಿಗೆ ಗೊತ್ತಿರುತ್ತಿತ್ತು ಎಂದರು. ಆ ಮಾತು ಕೇಳುವಾಗ ಅಕ್ಕಯ್ಯಮ್ಮ ನನ್ನ ಕಡೆ ನೋಡಲಿಲ್ಲ. ಇವತ್ತಿಗೂ ನೋಡಿಲ್ಲ.

ಅಸಲಿಗೆ ಆ ದಿನ ಟ್ಯೂಬೇ ಬೇಕಿರಲಿಲ್ಲ. ಮೂರು ಸಲ ಎಲೆ ಅಡಿಕೆ, ಮೂರು ಸಲ "ಯಾರಿಗೆ ಅಂದಿದ್ರು". ಕಾಯಿಲೆ ನನ್ನ ಪಕ್ಕದ ಕುರ್ಚಿಯಲ್ಲೇ ಕೂತಿತ್ತು. ಡಾಕ್ಟರಿಗಿಂತ ಮೊದಲು ಕಂಡವನು ನಾನು. ಕಂಡು ನಕ್ಕವನೂ ನಾನೇ.

ಮೊನ್ನೆ ಸೋಮವಾರ ಪಿಳ್ಳಪ್ಪನ ಎದುರು ಕೂತು ಅವನಿಗೂ ಹೇಳಿದೆ. ಉಗುಳು, ಪರೀಕ್ಷೆ ಯಾವುದೂ ಅವನಿಗೆ ಹತ್ತಲಿಲ್ಲ. ಕೊನೆಗೆ ಅವನ ಭಾಷೆಯಲ್ಲೇ ಹೇಳಿದೆ. "ನಿನ್ನ ಲಾಟಿಗೆ ನನ್ನ ಲಾಟಿನ ಗೂಡು ಹಾಕಿ ತೂಗಿಸ್ಬಿಟ್ಟೆ ಕಣೋ."

ಮಾರ್ಕೆಟ್ಟಿನಲ್ಲಿ ಒಬ್ಬರ ಲಾಟಿಗೆ, ಅಂದರೆ ಹರಾಜಿಗಿಟ್ಟ ಗೂಡಿನ ರಾಶಿಗೆ, ಇನ್ನೊಬ್ಬರ ಗೂಡು ಸೇರಿಸುವವನ ಜೊತೆ ಪಿಳ್ಳಪ್ಪ ಮತ್ತೆ ಮಾತಾಡುತ್ತಿರಲಿಲ್ಲ. ಅದು ಮಾತ್ರ ಮರೆತಿರಲಿಲ್ಲ. ಕಣ್ಣು ಕೆಂಪಾದವು. ಹಳೇ ಪಿಳ್ಳಪ್ಪ ಎದ್ದು ನಿಂತ.

"ಲಾಟ್ ಬೆರೆಸಿದ್ಯಾ? ನೀನಾ? ಎದ್ದೋಗು. ಇನ್ನೊಂದು ಸಲ ನನ್ನ ಮನೆ ಮೆಟ್ಲು ಹತ್ತಬೇಡ."

ಇಳಿದು ಬಂದೆ. ನಿಜ ಹೇಳುತ್ತೇನೆ, ಹಗುರವಾಗಿತ್ತು.

ಮಂಗಳವಾರ ಬೆಳಿಗ್ಗೆ ಅವನ ಮನೆಯ ಎದುರು ತಲೆ ತಗ್ಗಿಸಿ ಹೋಗುತ್ತಿದ್ದೆ. ಜಗಲಿಯಿಂದ ಕೂಗಿದ. ಖುಷಿಯಾದರೆ ಅವನಿಗೆ ಮೊದಲು ಬರುವುದು ತೆಲುಗು.

"ಏಮಿರಾ, ಎಷ್ಟು ದಿನ ಆಯ್ತೋ ನಿನ್ನ ನೋಡಿ. ಬಾರೋ ಮೇಲೆ, ಎಲೆ ಅಡಿಕೆ ಹಾಕ್ಕೊ."

ಬೀದಿಯಲ್ಲೇ ನಿಂತೆ. ಮೆಟ್ಟಿಲು ಹತ್ತಬೇಡ ಎಂದವನೇ ಅದನ್ನು ಮರೆತಿರುವಾಗ, ಹತ್ತಲೇ ಎಂದು ನಾನು ಯಾರನ್ನು ಕೇಳಲಿ?