ಮೂಗುಬಟ್ಟು ಕಾಣದ ದೋಣಿ

ದೋಣಿ ಕೆಟ್ಟಿದ್ದು ಉಜ್ಜುವ ಕಾಗದದಿಂದಲ್ಲ, ಉಪ್ಪುಗಾಳಿಯಿಂದಲೂ ಅಲ್ಲ. ನನ್ನ ಯಜಮಾನರಿಗೆ ಕಣ್ಣು ಮಂಜಾಗಿತ್ತು, ಬೆರಳು ಸತ್ತಿತ್ತು, ಅದನ್ನು ಒಪ್ಪಿಕೊಳ್ಳುವ ಮನಸ್ಸಿರಲಿಲ್ಲ. ನಡೆದದ್ದು ಇಷ್ಟೇ. ಮಗಳು ಇವತ್ತಿಗೂ ಶೆಡ್ಡಿನ ಓನರನ್ನು ಬೈಯುತ್ತಾಳೆ. ಅವನದೇನೂ ತಪ್ಪಿಲ್ಲ.

ತಮಿಳು ಸೀಮೆಯ ಎಣ್ಣೂರಿನಲ್ಲಿ, ಹಿನ್ನೀರಿನ ದಡದಲ್ಲಿ ದೋಣಿ ರಿಪೇರಿ ಮಾಡುವ ಶೆಡ್ಡು ಅದು. ಮಂಡ್ಯದ ಕಡೆಯಿಂದ ನನ್ನನ್ನು ಮದುವೆಯಾಗಿ ಕರೆತರುವಾಗಲೇ ಯಜಮಾನರು ಅಲ್ಲಿದ್ದರು. ಅಲ್ಯೂಮಿನಿಯಂ ದೋಣಿಗಳು ಕಟ್ಟೆಗೆ ತಿಕ್ಕಿಕೊಂಡು ಮೈಯೆಲ್ಲ ಗೀರಿಸಿಕೊಂಡು ಬರುತ್ತವೆ. ಗೀರು ತೆಗೆದು ಹೊಳಪು ತರುವುದು ಇವರ ಕೆಲಸ. ಮೊದಲು ಒರಟು ಉಪ್ಪುಕಾಗದದಲ್ಲಿ ತಿಕ್ಕಬೇಕು, ಆಮೇಲೆ ಅದಕ್ಕಿಂತ ನಯದ್ದು, ಆಮೇಲೆ ಇನ್ನೂ ನಯದ್ದು. ನೀರು ಬಿಟ್ಟುಕೊಂಡು, ಒಂದೇ ದಿಕ್ಕಿಗೆ. ಒಂದು ಕಾಗದ ಮಾಡಿದ ಗೀರನ್ನು ಮುಂದಿನ ಕಾಗದ ಅಳಿಸುತ್ತದೆ. ಕೊನೆಗೆ ಪೇಸ್ಟ್ ಹಚ್ಚಿ ಹಳೇ ಲುಂಗಿಯ ಚೂರಿನಲ್ಲಿ ಉಜ್ಜಿದರೆ ಕನ್ನಡಿ. ಕ್ರಮ ತಪ್ಪಿ ಒರಟು ಕಾಗದ ಕೊನೆಗೆ ಬಂತೋ, ಪಟ್ಟ ಪಾಡೆಲ್ಲ ನೀರುಪಾಲು.

ಕೆಲಸ ಮುಗಿಯಿತೇ ಇಲ್ಲವೇ ಎಂದು ನೋಡಲು ಅವರಿಗೆ ನನ್ನ ಮೂಗುಬಟ್ಟೇ ಆಗಬೇಕು. ಮಧ್ಯಾಹ್ನ ಮುದ್ದೆ, ಸಾರು ತೆಗೆದುಕೊಂಡು ಹೋದರೆ ದೋಣಿಯ ಎದುರಿಗೆ ನಿಲ್ಲಿಸುತ್ತಿದ್ದರು. "ಮುಖ ಕಾಣೋದು ದೊಡ್ಡದಲ್ಲ. ಮೂಗುಬಟ್ಟು ಕಾಣ್ತದಾ ಹೇಳು." ಕಂಡರೆ ಕೈ ತೊಳೆದು ಊಟಕ್ಕೆ ಕೂರುತ್ತಿದ್ದರು. ಕಾಣದಿದ್ದರೆ ಮುದ್ದೆ ಆರಿ ಕಲ್ಲಾಗಬೇಕು.

ಸಕ್ಕರೆ ಕಾಯಿಲೆ ಮೊದಲು ಕಣ್ಣು ತಿಂದಿತು. ಕಾಗದದ ಬೆನ್ನ ಮೇಲಿನ ನಂಬರು ಕಾಣದಾಯಿತು. ಹೆಬ್ಬೆರಳು ಸವರಿ ಒರಟು ಯಾವುದು, ನಯ ಯಾವುದು ಎಂದು ಹೇಳುತ್ತಿದ್ದರು. ಆಮೇಲೆ ಬೆರಳೂ ಹೋಯಿತು. ಬಿಸಿ ಲೋಟ ಹಿಡಿದರೂ ಗೊತ್ತಾಗುತ್ತಿರಲಿಲ್ಲ. ಒಂದು ದೋಣಿ ಹೊಳಪಿಲ್ಲವೆಂದು ವಾಪಸ್ಸು ಬಂತು. ಓನರು ತಮಿಳಿನವನು, ಒಳ್ಳೆಯವನೇ. "ಪೆರಿಯವರೇ, ಮುಂದಿನದೂ ಹೀಗೇ ಆದರೆ ನಾನು ಬೇರೆಯವರನ್ನ ನೋಡಬೇಕಾಗುತ್ತೆ" ಎಂದು ಮುಖದ ಮೇಲೇ ಹೇಳಿದ. ಶೆಡ್ಡು ತಪ್ಪಿದರೆ ಈ ಮನುಷ್ಯನಿಗೆ ಬೇರೆ ಲೋಕವಿಲ್ಲ. ಮನೆಯಲ್ಲಿದ್ದರೆ ಗೋಡೆ ನೋಡುತ್ತಾರೆ, ಹಬ್ಬದ ದಿನವೂ ಅಷ್ಟೇ.

ಮೊಮ್ಮಗಳು ಕಾಗದದ ಹಿಂದೆ ಪೆನ್ನಿನಲ್ಲಿ ದಪ್ಪಗೆ ನಂಬರು ಬರೆದುಕೊಟ್ಟಳು. ನೀರು ತಾಗಿ ಅಳಿಸಿಹೋಯಿತು. ನನಗೆ ಎರಡನೇ ಕ್ಲಾಸಿನ ಓದು. ನಾನು ನಂಬುವುದು ಗಂಟು, ಕಚ್ಚು. ಕತ್ತರಿ ತೆಗೆದುಕೊಂಡು ಒರಟು ಕಾಗದದ ಅಂಚಿಗೆ ಒಂದು ಕಚ್ಚು, ನಡುವಿನದಕ್ಕೆ ಎರಡು, ನಯದ್ದಕ್ಕೆ ಮೂರು ಹಾಕಿದೆ. ಕಚ್ಚು ತಿಳಿಯಲು ಕಣ್ಣು ಬೇಡ, ಉಗುರು ಸಿಕ್ಕಿಸಿದರೆ ಸಾಕು.

"ಒಗೆಯೋ ಬಟ್ಟೆಗೆ ಗುರುತು ಹಾಕ್ದಂಗೆ ಹಾಕಿದ್ದೀಯಲ್ಲೇ" ಎಂದರು.

"ಹೌದು. ಬಟ್ಟೆ ತಪ್ಪಿಹೋಗಲ್ವಲ್ಲ" ಎಂದೆ.

ತೆಗೆದುಕೊಂಡು ಹೋದರು. ಎರಡು ದಿನ ನನ್ನ ಮೂಗುಬಟ್ಟು ಚೆನ್ನಾಗಿಯೇ ಕಂಡಿತು. ಹೊಸದಾಗಿ ಬಂದಿದ್ದ ದೋಣಿಯ ಒಂದು ಮಗ್ಗುಲು ಪೂರ್ತಿ ಮುಗಿದಿತ್ತು.

ಮೂರನೇ ದಿನ ಹೋದಾಗ ದೋಣಿಯ ಕೆಳಗೆ, ಒದ್ದೆ ನೆಲದಲ್ಲಿ, ಕಾಗದದ ಅಂಚಿನ ಪಟ್ಟಿಗಳು ಬಿದ್ದಿದ್ದವು. ನಾನು ಕಚ್ಚು ಹಾಕಿದ್ದ ಪಟ್ಟಿಗಳೇ. ಇವರೇ ಹರಿದು ಎಸೆದಿದ್ದರು. ಪಕ್ಕದಲ್ಲಿ ವೆಲ್ಡಿಂಗ್ ಮಾಡುವವನು ನನ್ನನ್ನು ಕಂಡು ನಕ್ಕ. "ಎನ್ನ ಪಾಟಿ, ತಾತಾವುಕ್ಕು ದೋಬಿ ಮಾರ್ಕಾ?" ಏನಜ್ಜಿ, ತಾತನಿಗೆ ಅಗಸರ ಗುರುತಾ ಎಂದು. ಬೆಳಿಗ್ಗೆಯಿಂದ ಅದನ್ನೇ ಹೇಳಿ ಹೇಳಿ ಇವರನ್ನು ಗೋಳು ಹುಯ್ದುಕೊಂಡಿದ್ದನೆಂದು ಕೇಳದೆಯೇ ತಿಳಿಯಿತು.

"ಬಾ ಇಲ್ಲಿ" ಎಂದರು ಯಜಮಾನರು. "ಒಂದು ಸಣ್ಣ ಗೀರು ಉಳಿದಂಗಿತ್ತು. ನಯದ್ರಲ್ಲಿ ಇನ್ನೊಂದ್ ಸಲ ಎಳ್ದಿದ್ದೀನಿ. ನೋಡು, ಮೂಗುಬಟ್ಟು ಕಾಣ್ತದಾ?"

ನಿಂತೆ. ಮುಗಿದಿದ್ದ ಮಗ್ಗುಲೇ ಅದು. ನನ್ನ ಸೀರೆಯ ಬಣ್ಣ ಒಂದು ಮುದ್ದೆಯ ಹಾಗೆ ಕಂಡಿತು. ಮುಖವಿಲ್ಲ. ದೋಣಿಯ ತಲೆಯಿಂದ ಬಾಲದವರೆಗೆ ಬೂದಿ ಬಳಿದಂತೆ ಗೀರು, ಎಲ್ಲವೂ ಒಂದೇ ದಿಕ್ಕಿಗೆ, ಅಚ್ಚುಕಟ್ಟಾಗಿ. ಅವರ ಕೈಯಲ್ಲಿದ್ದದ್ದು ಒರಟು ಕಾಗದ.

"ಇಲ್ಲ" ಎಂದೆ.

"ಬಿಸ್ಲಿಗೆ ನಿಂತಿದ್ದೀಯಾ. ಈ ಕಡೆ ಬಾ."

ಆ ಕಡೆ ಹೋದೆ. "ಇಲ್ಲ. ಏನೂ ಕಾಣಲ್ಲ."

ಕಂಡಿತೆಂದು ಹೇಳಬಹುದಿತ್ತು ಎಂದು ಮಗಳು ಈಗ ಹೇಳುತ್ತಾಳೆ. ಹೇಳಿ ಏನಾಗಬೇಕಿತ್ತು? ಸಂಜೆಗೆ ದೋಣಿಯವರು ಕೆಲಸ ನೋಡಲು ಬರುವವರಿದ್ದರು. ಅವರಿಗೆ ಕಣ್ಣಿರಲಿಲ್ಲವೇ?

ಶೆಡ್ಡಿನ ಓನರು ಬಂದ. ಅಂಗೈಯಲ್ಲಿ ಸವರಿದ. ಬೈಯಲಿಲ್ಲ, ಅದೇ ಕೆಟ್ಟದಾಯಿತು. "ಕೊಂಚ ದಿನ ರೆಸ್ಟ್ ತಗೊಳ್ಳಿ ಪೆರಿಯವರೇ, ಬೇಕಾದಾಗ ನಾನೇ ಹೇಳಿಕಳಿಸ್ತೀನಿ" ಎಂದ. ವೆಲ್ಡಿಂಗಿನವನು ನಗಲಿಲ್ಲ, ತಲೆ ಬಗ್ಗಿಸಿ ತನ್ನ ವೈರು ಸುತ್ತತೊಡಗಿದ.

ದಾರಿಯಲ್ಲಿ ಯಜಮಾನರು ಶುರು ಮಾಡಿದರು. "ಈ ಸಲದ ಕಾಗದವೇ ಸರಿ ಇಲ್ಲ. ಹೊಸ ಅಂಗಡೀದು."

"ಕಾಗದ ಸರಿಯಾಗೇ ಇತ್ತು."

"ಹಂಗಾದ್ರೆ ನನ್ನ ಕೈ ಸರಿ ಇಲ್ಲ ಅಂತೀಯಾ?"

"ಅದನ್ನೇ ಅಂದಿದ್ದು."

ಕರೆಂಟು ಮಾಡುವ ಕಾರ್ಖಾನೆಯ ಬೂದಿ ಮಾಮೂಲಿನಂತೆ ಹಾರುತ್ತಿತ್ತು. ಇವರ ಹೆಗಲ ಮೇಲೆ ಬಿದ್ದದ್ದನ್ನು ಒರೆಸಲು ಹೋದೆ, ಕೈ ತಳ್ಳಿದರು. ಊಟವನ್ನು ತಟ್ಟೆಯಲ್ಲೇ ಬಿಟ್ಟರು. ಮಲಗುವ ಮುಂಚೆ ಮಾತ್ರ, ನನಗೆ ಬೆನ್ನು ತಿರುಗಿಸಿಕೊಂಡು, "ನಾಳೆ ಬೇಗ ಹೋಗಿ ಆ ಮಗ್ಗುಲು ಸರಿ ಮಾಡ್ಬಿಡ್ತೀನಿ" ಎಂದರು. ಓನರು ಹೇಳಿಕಳಿಸುವವರೆಗೆ ಬರಬೇಡಿ ಎಂದದ್ದು ಅವರ ಕಿವಿಗೇ ಬಿದ್ದಿರಲಿಲ್ಲ. ಹೋಗಿಯೇ ಹೋಗುತ್ತಾರೆ. ಬೇರೆಯವನು ಮಿಷನ್ ಹಿಡಿದು ಅದೇ ದೋಣಿಯನ್ನು ಉಜ್ಜುವುದನ್ನು ಬಾಗಿಲಲ್ಲಿ ನಿಂತು ಕೇಳುತ್ತಾರೆ.

ಬೆಳಿಗ್ಗೆ ಅವರಿಗಿಂತ ಮುಂಚೆ ಎದ್ದೆ. ಮೊಳೆಗೆ ತಗುಲಿಹಾಕಿದ್ದ ಶೆಡ್ಡಿನ ಅಂಗಿ, ಗಂಟಿನಲ್ಲಿದ್ದ ಇನ್ನೊಂದು, ಇವರಿಗಿದ್ದ ಎರಡನ್ನೂ ತಂದು ಬಕೆಟ್ಟಿನಲ್ಲಿ ಸೋಪಿನ ಪುಡಿ ಹಾಕಿ ನೆನೆಸಿದೆ. ಇವರು ಎದ್ದು ಬಂದು ಮೊಳೆ ತಡಕಿದರು.

"ಅಂಗಿ ಎಲ್ಲೇ?"

"ನೆನೆ ಹಾಕಿದ್ದೀನಿ."

"ಎರಡೂನಾ?"

"ಎರಡೂ."

ಹೊಸ್ತಿಲ ಮೇಲೆ ಬನಿಯನ್ನಿನಲ್ಲೇ ಕೂತರು. ನಾನು ಅಂಗಿ ಎತ್ತಿ ಹಿಂಡಿದೆ. ಅಲ್ಯೂಮಿನಿಯಂ ಧೂಳು ಕಪ್ಪಗೆ ಬಿಟ್ಟಿತು. ನೀರು ಚೆಲ್ಲಿ, ಮತ್ತೆ ಹಿಡಿದು, ಮತ್ತೆ ನೆನೆ ಹಾಕಿದೆ.